ಗುದ್ದಿದವನ ಬೋನಸ್ ಭದ್ರ, ಗುದ್ದಿಸಿಕೊಂಡವನದು ಸೊನ್ನೆ

“ಇನ್ಶೂರೆನ್ಸ್ ಇದ್ಯಲ್ಲ ಸಾರ್, ಕ್ಲೇಮ್ ಮಾಡ್ಕೊಳ್ಳಿ.”

ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಕೆಂಪು ದೀಪಕ್ಕೆ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗುದ್ದಿದ ಗೂಡ್ಸ್ ಆಟೊದ ಚಾಲಕ ಇಳಿದು ಬಂದು ಆಡಿದ ಮೊದಲ ಮಾತು ಇದು. ದಬಾಯಿಸುವ ಧಾಟಿಯಲ್ಲಿ ಹೇಳಲಿಲ್ಲ. ನಸುಕಿನಲ್ಲೇ ಮಾರುಕಟ್ಟೆಗೆ ಹೋಗಿ ತರಕಾರಿ ಹೇರಿಕೊಂಡು ಬಂದವನು, ಕಣ್ಣು ಕೆಂಪಾಗಿದ್ದವು, ಕೈ ಸಣ್ಣಗೆ ನಡುಗುತ್ತಿತ್ತು. ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಜೇಬಿನಲ್ಲಿ ಮುನ್ನೂರು ರೂಪಾಯಿ ಇದೆ ಎಂದ. ನನಗೂ ಅವನ ಮಾತು ಸರಿ ಅನ್ನಿಸಿತು. ವರ್ಷಾವರ್ಷ ಪ್ರೀಮಿಯಂ ಕಟ್ಟುವುದು ಇಂಥ ಹೊತ್ತಿಗೇ ಅಲ್ಲವೆ? ಹಿಂದಿನ ಗಾಡಿಗಳ ಹಾರನ್ ಜೋರಾಯಿತು. ಅವನನ್ನು ಕಳಿಸಿಬಿಟ್ಟೆ.

ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ಸುತ್ತಂಕಿಯಲ್ಲಿ ಹೇಳುತ್ತೇನೆ. ಬಂಪರ್‌ಗೆ 4,000 ರೂಪಾಯಿ, ಹಿಂದಿನ ದೀಪಕ್ಕೆ 3,000, ಟಿಂಕರಿಂಗ್ ಮತ್ತು ಪೇಂಟಿಂಗ್ ಕೂಲಿ 5,000, ಬಣ್ಣಕ್ಕೆ 1,500. ಒಟ್ಟು 13,500. ಸರ್ವೇಯರ್ ಬಂದು ನೋಡಿ ಹೋದರು. ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ, ಬಣ್ಣದ ಸಾಮಗ್ರಿಗೂ ಅರ್ಧ, ಅದರ ಮೇಲೆ ಮಾಲೀಕ ಕಡ್ಡಾಯವಾಗಿ ಹೊರಬೇಕಾದ 1,000 ರೂಪಾಯಿ. 1,500 ಸಿಸಿವರೆಗಿನ ಕಾರಿಗೆ ಅದು 1,000, ದೊಡ್ಡ ಎಂಜಿನ್ನಿಗೆ 2,000. ಇಷ್ಟೆಲ್ಲ ಕಳೆದು ವಿಮೆಯಿಂದ ಬಂದದ್ದು 8,250 ರೂಪಾಯಿ. ಉಳಿದದ್ದನ್ನು ನಾನೇ ಕಟ್ಟಿ, ಹೊಸ ಬಂಪರ್ ನೋಡಿ ಸಮಾಧಾನಪಟ್ಟುಕೊಂಡೆ.

ಎಂಟು ತಿಂಗಳ ನಂತರ ನವೀಕರಣದ ಕಾಗದ ಬಂತು. ಹಿಂದಿನ ವರ್ಷ ಕಾರಿನ ಸ್ವಂತ ಹಾನಿಯ ಭಾಗಕ್ಕೆ ಕಟ್ಟಿದ್ದು 6,000. ಈ ಸಲ 12,000. ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್ ಎಂಬ ಸಾಲಿನ ಮುಂದೆ ಒಂದು ಸೊನ್ನೆ. ಏಜೆಂಟರಿಗೆ ಫೋನ್ ಮಾಡಿ, “ನಿಂತ ಗಾಡಿಗೆ ಬಂದು ಗುದ್ದಿದ್ದು ಅವನು, ನನ್ನ ಬೋನಸ್ ಯಾಕೆ ಹೋಯ್ತು?” ಎಂದು ಕೇಳಿದೆ. ಅವರು ತಾಳ್ಮೆಯಿಂದಲೇ ಹೇಳಿದರು: “ತಪ್ಪು ಯಾರ್ದು ಅಂತ ಪಾಲಿಸಿ ಕೇಳಲ್ಲ ಸಾರ್. ದುಡ್ಡು ತಗೊಂಡ್ರಾ, ಇಲ್ವಾ? ಅಷ್ಟೇ ನೋಡೋದು.”

ಈ ಒಂದು ವಾಕ್ಯವನ್ನು ಯಾರಾದರೂ ನನಗೆ ಎಂಟು ತಿಂಗಳ ಮೊದಲೇ ಹೇಳಿದ್ದರೆ ನಾನು ಆ ಕ್ಲೇಮ್ ಫಾರ್ಮಿಗೆ ಸಹಿ ಹಾಕುತ್ತಿರಲಿಲ್ಲ. ಹೇಳಬೇಕಾದವರು ಹಲವರಿದ್ದರು. ಗ್ಯಾರೇಜಿನ ಮೇಜಿನ ಹಿಂದೆ ಕೂತಿದ್ದವರು ಹೇಳಲಿಲ್ಲ, ಸರ್ವೇಯರ್ ಹೇಳಲಿಲ್ಲ, ಫಾರ್ಮಿನಲ್ಲೂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಾರಿನ ಪಾಲಿಸಿ ಒಂದೇ ಕಾಗದದಂತೆ ಕಂಡರೂ ಒಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಸಾವು, ನೋವು, ನಷ್ಟಕ್ಕೆ. ಇದು ಕಾನೂನಿನ ಪ್ರಕಾರ ಕಡ್ಡಾಯ, ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000ದಿಂದ 1,500 ಸಿಸಿ ನಡುವಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಇನ್ನೊಂದು ಓನ್ ಡ್ಯಾಮೇಜ್, ನಮ್ಮದೇ ಗಾಡಿಗಾಗುವ ಹಾನಿಗೆ. ಇದು ಐಚ್ಛಿಕ, ದರ ಕಂಪನಿಯದು. ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಈ ಎರಡನೆಯ ಭಾಗಕ್ಕೆ ಮಾತ್ರ ಸೇರಿದ್ದು. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 20, ಸತತ ಎರಡು ವರ್ಷಕ್ಕೆ ಶೇ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅದಕ್ಕಿಂತ ಮೇಲಿಲ್ಲ. 2007ರಲ್ಲಿ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲವಾದ ಮೇಲೂ ಹಳೆಯ ಮೋಟಾರು ದರಪಟ್ಟಿಯ ಈ ಮೆಟ್ಟಿಲುಗಳು ಹಾಗೇ ಉಳಿದುಕೊಂಡಿವೆ. ಕ್ಲೇಮ್ ಮಾಡಿದರೆ ಒಂದೊಂದೇ ಮೆಟ್ಟಿಲು ಇಳಿಸುವುದಿಲ್ಲ, ಐವತ್ತರಲ್ಲಿದ್ದವರನ್ನೂ ನೇರ ನೆಲಕ್ಕೆ ತರುತ್ತಾರೆ.

ಬಹಳ ಜನ ನಷ್ಟದ ಲೆಕ್ಕ ಹಾಕುವಾಗ ಮುಂದಿನ ಒಂದು ವರ್ಷವನ್ನಷ್ಟೇ ನೋಡುತ್ತಾರೆ. ನಾನೂ ಮೊದಲು ಹಾಗೇ ನೋಡಿದ್ದೆ: ಆರು ಸಾವಿರ ಹೆಚ್ಚು ಕಟ್ಟಬೇಕು, ಎಂಟು ಸಾವಿರ ಚಿಲ್ಲರೆ ಸಿಕ್ಕಿದೆ, ಪರವಾಗಿಲ್ಲ. ಆದರೆ ಮೆಟ್ಟಿಲನ್ನು ಮತ್ತೆ ಮೊದಲಿನಿಂದ ಹತ್ತಬೇಕಲ್ಲ! ಮೊದಲ ವರ್ಷ 12,000 ಕಟ್ಟಿದೆ, ಕಟ್ಟಬೇಕಾಗಿದ್ದದ್ದು 6,000. ಎರಡನೆಯ ವರ್ಷ ಶೇ 20 ಕಳೆದು 9,600, ಮೂರನೆಯ ವರ್ಷ 9,000, ನಾಲ್ಕನೆಯದು 7,800, ಐದನೆಯದು 6,600. ಆರನೆಯ ವರ್ಷಕ್ಕೆ ಮತ್ತೆ ಹಳೆಯ ಜಾಗ. ಪ್ರತಿ ವರ್ಷದ ಹೆಚ್ಚುವರಿಯನ್ನು ಕೂಡಿಸಿದರೆ 6,000, 3,600, 3,000, 1,800, 600. ಒಟ್ಟು 15,000. ಅದಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 17,700. ಎಂಟೂಕಾಲು ಸಾವಿರ ಪಡೆಯಲು ಹದಿನೇಳು ಸಾವಿರದ ಏಳುನೂರು ಬಿಟ್ಟುಕೊಟ್ಟಿದ್ದೆ. ಸವಕಳಿ ಕಡಿಯದ ಬಂಪರ್ ಟು ಬಂಪರ್ ಪಾಲಿಸಿ ಇದ್ದಿದ್ದರೂ 12,500 ಬರುತ್ತಿತ್ತು, ಆಗಲೂ ನಷ್ಟವೇ.

ಕಾರು ಹಳೆಯದಾದಂತೆ ಅದರ ವಿಮಾ ಮೌಲ್ಯ ಇಳಿದು ಪ್ರೀಮಿಯಮ್ಮೂ ಇಳಿಯುತ್ತದೆ, ಹಾಗಾಗಿ ನಿಜವಾದ ಮೊತ್ತ ಇದಕ್ಕಿಂತ ತುಸು ಕಡಿಮೆ ಬರಬಹುದು. ಆದರೂ ಲೆಕ್ಕದ ಜಾಡು ಬದಲಾಗದು. ಪಾಲಿಸಿಯಲ್ಲಿ ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ ಎಷ್ಟು ಎಂದು ಬರೆದಿರುತ್ತದೆ. ಶೇ 50ರಲ್ಲಿರುವವರು ಒಂದು ಕ್ಲೇಮಿನಿಂದ ಕಳೆದುಕೊಳ್ಳುವುದು ಸುಮಾರು ಅದರ ಒಂದೂಕಾಲು ಪಟ್ಟು. ಹೊಸ ಕಾರು, ಮೊದಲ ವರ್ಷವೇ ಕ್ಲೇಮ್ ಎಂದರೆ ಅರ್ಧದಷ್ಟು. ಶೇ 25ರಲ್ಲಿದ್ದರೆ ಸರಿಸುಮಾರು ಒಂದು ಪಟ್ಟು. ಸವಕಳಿ ಕಳೆದು ಕೈಗೆ ಬರುವ ಹಣ ಇದಕ್ಕಿಂತ ಕಡಿಮೆಯಿದ್ದರೆ ಕ್ಲೇಮ್ ಮಾಡುವುದು ನಮ್ಮದೇ ಹಣವನ್ನು ಬಡ್ಡಿಗೆ ತಂದ ಹಾಗೆ. ದೊಡ್ಡ ಹಾನಿಯಾಗಿ ಲಕ್ಷದ ಬಿಲ್ ಬಂದಾಗ ಮಾತ್ರ ಯೋಚನೆ ಬೇಡ, ವಿಮೆ ಇರುವುದೇ ಅದಕ್ಕೆ.

ಇಲ್ಲಿಯವರೆಗಿನದು ಬರೀ ಲೆಕ್ಕ. ನನ್ನನ್ನು ನಿಜಕ್ಕೂ ನೋಯಿಸಿದ್ದು ಇದರ ಇನ್ನೊಂದು ಮುಖ.

ಆ ಗೂಡ್ಸ್ ಆಟೊಗೂ ಥರ್ಡ್ ಪಾರ್ಟಿ ವಿಮೆ ಇತ್ತು ಎಂದಿಟ್ಟುಕೊಳ್ಳಿ. ಬೇರೆಯವರ ಸೊತ್ತಿಗಾಗುವ ಹಾನಿಗೆ ಅದರಡಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆಯಿರುತ್ತದೆ, ದ್ವಿಚಕ್ರ ವಾಹನವಾದರೆ ಒಂದು ಲಕ್ಷ. ನನ್ನ ಬಂಪರ್ ಒಡೆದದ್ದಕ್ಕೆ ಹಣ ಬರಬೇಕಾದ ನ್ಯಾಯವಾದ ಮೂಲ ಅದು. ಆ ಅಪಾಯಕ್ಕೆಂದೇ ಅವನು ಪ್ರೀಮಿಯಂ ಕಟ್ಟಿದ್ದಾನೆ. ಅಲ್ಲಿಂದ ನನಗೆ ಪರಿಹಾರ ಬಂದರೆ ನನ್ನ ಬೋನಸ್‌ಗೆ ಧಕ್ಕೆಯಿಲ್ಲ, ಏಕೆಂದರೆ ನನ್ನ ಪಾಲಿಸಿಯನ್ನು ನಾನು ಮುಟ್ಟಿಲ್ಲ. ವಿಚಿತ್ರವೆಂದರೆ ಅವನ ಬೋನಸ್‌ಗೂ ಧಕ್ಕೆಯಿಲ್ಲ. ಬೋನಸ್ ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರವಾದ್ದರಿಂದ, ಥರ್ಡ್ ಪಾರ್ಟಿ ಭಾಗದಿಂದ ಕಂಪನಿ ಎಷ್ಟೇ ಲಕ್ಷ ಕೊಟ್ಟರೂ ಗುದ್ದಿದವನ ಶೇ 50 ಹಾಗೇ ಇರುತ್ತದೆ. ನಿಂತ ಕಾರಿಗೆ ಗುದ್ದಿ ತನ್ನ ಗಾಡಿಯ ಗೀರನ್ನು ತಾನೇ ಸರಿಮಾಡಿಸಿಕೊಂಡವನು ಲೆಕ್ಕದ ಪುಸ್ತಕದಲ್ಲಿ ನಿಷ್ಕಳಂಕ ಚಾಲಕ. ಗುದ್ದಿಸಿಕೊಂಡು ಕ್ಲೇಮ್ ಮಾಡಿದವನು ಮತ್ತೆ ಒಂದನೆಯ ಮೆಟ್ಟಿಲಿನಿಂದ ಶುರುಮಾಡಬೇಕು. ಎಚ್ಚರದಿಂದ ಓಡಿಸುವವರಿಗೆ ಪ್ರೋತ್ಸಾಹ ಎಂದು ಕಂಪನಿಗಳು ಈ ಬೋನಸ್ಸನ್ನು ಬಣ್ಣಿಸುವುದನ್ನು ಕಂಡಾಗಲೆಲ್ಲ ನನಗೆ ಆ ಬೆಳಗು ನೆನಪಾಗುತ್ತದೆ.

ಮಾಲೀಕನ ತಪ್ಪು ಎಳ್ಳಷ್ಟೂ ಇಲ್ಲದ ಹಾನಿ ಬರೀ ಗುದ್ದಿದವರಿಂದ ಬರುವುದಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆ ನೀರು ನುಗ್ಗಿದಾಗ ಮನೆಯ ನೆಲಮಾಳಿಗೆಯಲ್ಲಿ ನಿಂತಲ್ಲೇ ಮುಳುಗಿದ ಕಾರುಗಳನ್ನು ನೆನೆಯಿರಿ. ಮುಂಗಾರು ಪೂರ್ವದ ಒಂದು ಗಾಳಿಮಳೆಗೆ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕಾರಿನ ಮೇಲೆ ಉರುಳುವ ಮರಗಳನ್ನು ನೆನೆಯಿರಿ. ಕರಾವಳಿಯಲ್ಲಿ ತೆಂಗಿನಕಾಯಿಯೊಂದು ಬಿದ್ದರೆ ಮುಂದಿನ ಗಾಜು ಮುಗಿಯಿತು. ಪಾಲಿಸಿ ಇವಕ್ಕೆಲ್ಲ ಹಣ ಕೊಡುತ್ತದೆ, ಕೊಟ್ಟ ಮೇಲೆ ಬೋನಸ್ ಅಳಿಸುತ್ತದೆ. ನೆರೆಯಲ್ಲಿ ಸಿಕ್ಕ ಕಾರಿನ ವಿಷಯದಲ್ಲಿ ಇನ್ನೊಂದು ಮಾತು: ನೀರಿಳಿದ ಮೇಲೆ ಸ್ಟಾರ್ಟ್ ಮಾಡಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಮಾಡಬೇಡಿ. ನೀರು ತುಂಬಿದ ಎಂಜಿನ್ನನ್ನು ತಿರುಗಿಸಿ ಹಾಳುಮಾಡಿಕೊಂಡರೆ ಸಾಮಾನ್ಯ ಪಾಲಿಸಿಯಲ್ಲಿ ಆ ಖರ್ಚು ಬಾರದು. ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಕಂಪನಿಗಳ ಕಡೆಯ ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿಲ್ಲದೆ ಇಲ್ಲ. ಓನ್ ಡ್ಯಾಮೇಜ್ ಎಂಬುದು ನಮಗೂ ಕಂಪನಿಗೂ ನಡುವಿನ ಒಪ್ಪಂದ. ತಪ್ಪು ಯಾರದೆಂದು ವಿಚಾರಣೆ ಮಾಡದೆ ಹಣ ಕೊಡುವುದೇ ಅದರ ದೊಡ್ಡ ಗುಣ. ನನ್ನದೇ ತಪ್ಪಿನಿಂದ ಕಂಬಕ್ಕೆ ಗುದ್ದಿದ್ದರೂ ಅದೇ 8,250 ರೂಪಾಯಿ ಕೊಡುತ್ತಿದ್ದರು. ತಪ್ಪು ಗೊತ್ತುಮಾಡಲು ಕೂತರೆ ಗ್ಯಾರೇಜಿನಲ್ಲಿ ಕಾರು ತಿಂಗಳುಗಟ್ಟಲೆ ನಿಂತೀತು. ಬಿಡಿ ಬಿಡಿ ಗೀರುಗಳಿಗೆಲ್ಲ ಕ್ಲೇಮ್ ಬಂದರೆ ಸರ್ವೇಯರ್ ಖರ್ಚೇ ಹೆಚ್ಚಾಗಿ ಎಲ್ಲರ ಪ್ರೀಮಿಯಮ್ಮೂ ಏರುತ್ತದೆ, ಅದನ್ನು ತಡೆಯಲು ಈ ಬೋನಸ್. ಹಾಗೆಯೇ ಡಿಕ್ಕಿಯಾದ ಎರಡೂ ಗಾಡಿಗಳ ಕಂಪನಿಗಳು ಒಬ್ಬರ ಮೇಲೊಬ್ಬರು ವಸೂಲಿಗೆ ಹೋಗದೆ, ತಂತಮ್ಮ ಗ್ರಾಹಕನ ಹಾನಿಯನ್ನು ತಾವೇ ಭರಿಸಿ ಸುಮ್ಮನಾಗುವ ‘ನಾಕ್ ಫಾರ್ ನಾಕ್’ ಎಂಬ ರೂಢಿ ವಿಮಾ ಲೋಕದಲ್ಲಿ ಹಳೆಯದು. ಕಂಪನಿಗಳಿಗೆ ಅದರಿಂದ ವ್ಯಾಜ್ಯದ ಖರ್ಚು ಉಳಿಯುತ್ತದೆ. ಇವತ್ತು ನಿನ್ನ ಗ್ರಾಹಕ ಗುದ್ದಿದ, ನಾಳೆ ನನ್ನವನು ಗುದ್ದುತ್ತಾನೆ, ವರ್ಷದ ಕೊನೆಗೆ ಸರಿಹೋಗುತ್ತದೆ. ಅವರಿಗೆ ಸರಿಹೋಗುತ್ತದೆ, ನಿಜ. ಬೋನಸ್ ಕಳೆದುಕೊಂಡವನಿಗೆ ಯಾವ ವರ್ಷದ ಕೊನೆಯಲ್ಲೂ ಸರಿಹೋಗುವುದಿಲ್ಲ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರಗಳಿವೆ. ಬ್ರಿಟನ್ನಿನಲ್ಲಿ ಕಾರು ಓಡಿಸುವ ನಮ್ಮವರು ಇದನ್ನು ಬಲ್ಲರು. ಅಲ್ಲೂ ಅದು ಕ್ಲೇಮ್ ಮಾಡದ್ದಕ್ಕೆ ಕೊಡುವ ರಿಯಾಯಿತಿಯೇ, ತಪ್ಪು ಮಾಡದ್ದಕ್ಕಲ್ಲ. ಆದರೆ ನಿಮ್ಮ ಕಂಪನಿ ಗುದ್ದಿದವನ ಕಂಪನಿಯಿಂದ ಪೂರ್ತಿ ಹಣ ವಸೂಲು ಮಾಡಿಕೊಂಡರೆ ನಿಮ್ಮ ರಿಯಾಯಿತಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗುದ್ದಿ ಓಡಿಹೋದವನ ಗುರುತು ಸಿಗದಿದ್ದರೆ ಮಾತ್ರ ಕಷ್ಟ. ತಪ್ಪು ನಿಮ್ಮದೇ ಆದಾಗಲೂ ಐದು ವರ್ಷದ ರಿಯಾಯಿತಿ ಸಾಮಾನ್ಯವಾಗಿ ಮೂರು ವರ್ಷದ ಮಟ್ಟಕ್ಕೆ ಇಳಿಯುತ್ತದೆ, ಸೊನ್ನೆಗಲ್ಲ. ಫ್ರಾನ್ಸಿನಲ್ಲಿ ಇನ್ನೂ ಖಚಿತ. ಅಲ್ಲಿನ ಬೋನಸ್-ಮಾಲುಸ್ ಪದ್ಧತಿಯಲ್ಲಿ ಪ್ರತಿ ಚಾಲಕನಿಗೂ ಒಂದು ಗುಣಕ. 1.00ರಿಂದ ಶುರುವಾಗಿ, ಅಪಘಾತವಿಲ್ಲದ ಪ್ರತಿ ವರ್ಷ ಶೇ 5 ಇಳಿಯುತ್ತ, 13 ವರ್ಷಕ್ಕೆ 0.50 ತಲುಪುತ್ತದೆ. ನಿಮ್ಮದೇ ತಪ್ಪಿನ ಒಂದು ಅಪಘಾತಕ್ಕೆ ಶೇ 25 ಏರಿಕೆ, ತಪ್ಪು ಇಬ್ಬರದೂ ಆದರೆ ಅದರ ಅರ್ಧ. ತಪ್ಪು ನಿಮ್ಮದಲ್ಲ ಎಂದಾದರೆ ಏರಿಕೆಯೇ ಇಲ್ಲ. ತಪ್ಪನ್ನೂ ಕ್ಲೇಮನ್ನೂ ಬೇರೆಬೇರೆಯಾಗಿ ನೋಡುವುದು ಅಸಾಧ್ಯವೇನಲ್ಲ.

ನಮ್ಮಲ್ಲಿ ಗುದ್ದಿದವನ ವಿಮೆಯಿಂದ ಹಣ ಪಡೆಯುವ ದಾರಿ ಕಾನೂನಿನಲ್ಲಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಸಾವುನೋವಿನ ಪ್ರಕರಣಗಳನ್ನಷ್ಟೇ ಅಲ್ಲ, ಸೊತ್ತಿನ ಹಾನಿಯ ಅರ್ಜಿಯನ್ನೂ ಕೇಳುತ್ತದೆ. ಅಪಘಾತ ನಡೆದ ಊರಿನಲ್ಲಿ ಅಥವಾ ನೀವಿರುವ ಊರಿನಲ್ಲಿ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಈ ಕೆಲಸ ನಡೆಯುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ 2022ರ ಏಪ್ರಿಲಿನಿಂದ ಜಾರಿಗೆ ಬಂದ ಮೇಲೆ ಅಪಘಾತವಾದ ಆರು ತಿಂಗಳೊಳಗೆ ಹೋಗಬೇಕು ಎಂಬ ಗಡುವು ಬಂದಿದೆ. ಎಫ್‌ಐಆರ್ ಬೇಕು, ದುರಸ್ತಿಯ ಬಿಲ್‌ಗಳು ಬೇಕು, ವಕೀಲರು ಬೇಕು. ಎರಡು ಲಕ್ಷದ ಹಾನಿಗೆ ಹೋಗಬಹುದು, ಹೋಗಲೇಬೇಕು. ನಿಮ್ಮ ವಿಮೆ ಕಡಿದುಕೊಂಡ ಸವಕಳಿಯ ಭಾಗವನ್ನೂ ಅಲ್ಲಿ ಕೇಳಬಹುದು. ಹದಿಮೂರೂವರೆ ಸಾವಿರಕ್ಕೆ ಯಾರು ಹೋದಾರು? ಇಂಥ ಸಣ್ಣ ಮೊತ್ತಗಳೇ ಅತಿ ಹೆಚ್ಚು, ಅವಕ್ಕೇ ದಾರಿಯಿಲ್ಲ.

ಇದೇ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ತಪ್ಪು ಯಾರದೆಂದು ರುಜುವಾತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ ಕೊಡಿಸುತ್ತದೆ. ಅಲ್ಲಿ ತಪ್ಪನ್ನು ಕೇಳದಿರುವುದು ನೊಂದವರ ಪರವಾಗಿ. ಬೋನಸ್ಸಿನ ನಿಯಮದಲ್ಲೂ ತಪ್ಪನ್ನು ಕೇಳುವುದಿಲ್ಲ, ಅದು ನೊಂದವನ ವಿರುದ್ಧವಾಗಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಿಯಮ ಬದಲಾಗಬೇಕೆಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಅಲ್ಲಿಯವರೆಗೆ ನಮ್ಮ ಕೈಲಾಗುವುದು ಏನು? ಡಿಕ್ಕಿಯಾದ ಸ್ಥಳದಲ್ಲೇ ಎರಡೂ ಗಾಡಿಗಳು ಕಾಣುವಂತೆ, ನಂಬರ್ ಪ್ಲೇಟ್ ಓದುವಂತೆ ನಾಲ್ಕು ಫೋಟೊ ತೆಗೆಯಿರಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎದುರಿನ ಗಾಡಿಯ ವಿಮೆ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಎದುರಿನವರು ತಪ್ಪು ಒಪ್ಪಿ ಖರ್ಚು ಕೊಡಲು ತಯಾರಿದ್ದರೆ, ಯಾರಿಗೂ ಪೆಟ್ಟಾಗಿಲ್ಲವಾದರೆ, ಅಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ರಸ್ತೆಬದಿಯ ಈ ರಾಜಿಯನ್ನು ನಾನು ಹಿಂದೆ ಕೀಳಾಗಿ ನೋಡುತ್ತಿದ್ದೆ, ಈಗ ನೋಡುವುದಿಲ್ಲ. ಪೆಟ್ಟಾಗಿದ್ದರೆ ಮಾತ್ರ ಪೊಲೀಸರಿಗೆ ತಿಳಿಸದೆ ಹೋಗಕೂಡದು.

ಕ್ಲೇಮ್ ಮಾಡುವ ಮೊದಲು ಗ್ಯಾರೇಜಿನಿಂದ ಅಂದಾಜು ಪಟ್ಟಿ ಪಡೆದು ಮೇಲಿನ ಲೆಕ್ಕ ಹಾಕಿ. ಕಂಪನಿಗೆ ಆಗಲೇ ತಿಳಿಸಿಬಿಟ್ಟಿದ್ದು, ಆಮೇಲೆ ಬೇಡವೆನಿಸಿದರೆ, ಹಣ ಪಡೆಯುವ ಮೊದಲೇ ಲಿಖಿತವಾಗಿ ಹಿಂತೆಗೆದುಕೊಂಡು, ಹಣ ಪಾವತಿಸದೆ ಕಡತ ಮುಚ್ಚಲಾಗಿದೆ ಎಂಬ ಪತ್ರ ಕೇಳಿ ಪಡೆಯಿರಿ. ನಿಯಮದಲ್ಲಿ ಬಾಕಿ ಇರುವ ಕ್ಲೇಮ್ ಕೂಡ ಕ್ಲೇಮೇ. ಪತ್ರವಿದ್ದೂ ಬೋನಸ್ ನಿರಾಕರಿಸಿದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲಿ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ, ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ.

ಎನ್‌ಸಿಬಿ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಸ್ವಲ್ಪ ಹಣಕ್ಕೆ ಮಾರುತ್ತಾರೆ. ವರ್ಷಕ್ಕೆ ಒಂದೋ ಎರಡೋ ಕ್ಲೇಮ್ ಮಾಡಿದರೂ ಬೋನಸ್ ಉಳಿಯುತ್ತದೆ, ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ಬೆಂಗಳೂರಿನಂಥ ಊರಿನಲ್ಲಿ ದಿನವೂ ಓಡಿಸುವ, ಶೇ 45 ಅಥವಾ 50ರಲ್ಲಿರುವವರಿಗೆ ಕೊಳ್ಳಲು ಯೋಗ್ಯ ಎಂದೇ ನನ್ನ ಅಭಿಪ್ರಾಯ. ಆದರೆ ಬೇರೆಯವರ ತಪ್ಪಿನಿಂದ ನನ್ನ ಬೋನಸ್ ಉಳಿಸಿಕೊಳ್ಳಲು ನಾನೇ ಹಣ ಕಟ್ಟಬೇಕು ಎಂಬುದು ಮಾತ್ರ ಇನ್ನೂ ಗಂಟಲಲ್ಲಿ ಇಳಿಯುವುದಿಲ್ಲ.

ಒಂದನ್ನು ಮಾತ್ರ ಯಾರೂ ಮಾಡಬೇಡಿ. ಆನ್‌ಲೈನಿನಲ್ಲಿ ಬೇರೆ ಕಂಪನಿಗೆ ಬದಲಾಯಿಸುವಾಗ ‘ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?’ ಎಂದು ಕೇಳುತ್ತದೆ. ಇಲ್ಲ ಎಂದು ಒತ್ತಿದರೆ ಪ್ರೀಮಿಯಂ ತಕ್ಷಣ ಇಳಿಯುತ್ತದೆ. ಹೈದರಾಬಾದಿನ ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೊದಲ್ಲಿ ಎಲ್ಲ ಕಂಪನಿಗಳ ಪಾಲಿಸಿ, ಕ್ಲೇಮ್ ವಿವರಗಳೂ ಸೇರುತ್ತವೆ. ಸುಳ್ಳು ಗೊತ್ತಾಗುವುದು ನಿಮಗೆ ನಿಜವಾಗಿ ಹಣ ಬೇಕಾದ ದಿನ, ದೊಡ್ಡ ಅಪಘಾತದ ಮರುದಿನ.

ಬೋನಸ್ ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು. ಹಳೆಯ ಕಾರು ಮಾರುವಾಗ ಎನ್‌ಸಿಬಿ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮ್ ಇಲ್ಲದಿದ್ದರೂ ಬೋನಸ್ ಹೋಗುತ್ತದೆ.

ವಿಮಾ ಪ್ರಾಧಿಕಾರ ಮಾಡಬಹುದಾದ ಕೆಲಸ ನನ್ನ ದೃಷ್ಟಿಯಲ್ಲಿ ಅಷ್ಟು ಕಷ್ಟದ್ದಲ್ಲ. ಸಿಗ್ನಲ್ ಹಾರಿದವನ ಮನೆಗೆ ಕ್ಯಾಮೆರಾ ಚಿತ್ರದ ಸಮೇತ ದಂಡದ ನೋಟಿಸ್ ಹೋಗುವ ಕಾಲ ಇದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗ ಮೀರಿದವನ ನಂಬರ್ ತಾನಾಗಿ ದಾಖಲಾಗುತ್ತದೆ. ಕಾರುಗಳ ಗಾಜಿಗೆ ಡ್ಯಾಶ್‌ಕ್ಯಾಮ್ ಅಂಟಿಸಿಕೊಂಡವರು ದಿನೇದಿನೇ ಹೆಚ್ಚುತ್ತಿದ್ದಾರೆ. ದಂಡ ಹಾಕಲು ಸಾಕಾಗುವ ಸಾಕ್ಷ್ಯ ಬೋನಸ್ ಉಳಿಸಲು ಏಕೆ ಸಾಲದು? ಎದುರಿನವನು ಲಿಖಿತವಾಗಿ ತಪ್ಪೊಪ್ಪಿಕೊಂಡಲ್ಲಿ, ವಿಡಿಯೊ ಇದ್ದಲ್ಲಿ, ನಿಂತ ಗಾಡಿಗೆ ಹಿಂದಿನಿಂದ ಗುದ್ದಿದ್ದು ಸ್ಪಷ್ಟವಿದ್ದಲ್ಲಿ, ಎರಡು ಕಂಪನಿಗಳು ಹಣವನ್ನು ತಮ್ಮೊಳಗೇ ತೀರಿಸಿಕೊಂಡು ಗ್ರಾಹಕನ ಬೋನಸ್ ಮುಟ್ಟದೆ ಬಿಡಲಿ. ಕ್ಲೇಮ್ ಫಾರ್ಮಿನ ಮೇಲ್ತುದಿಯಲ್ಲಿ, ಈ ಸಹಿಯಿಂದ ನಿಮ್ಮ ಬೋನಸ್ ಇಷ್ಟರಿಂದ ಸೊನ್ನೆಗೆ ಇಳಿಯುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಅಚ್ಚಾಗಲಿ. ಇದಕ್ಕಂತೂ ಯಾವ ಕಾನೂನಿನ ತಿದ್ದುಪಡಿಯೂ ಬೇಕಿಲ್ಲ.

ಕಳೆದ ತಿಂಗಳು ನಮ್ಮ ಬೀದಿಯಲ್ಲೇ ಸ್ಕೂಟರ್ ಕಲಿಯುತ್ತಿದ್ದ ಹುಡುಗಿಯೊಬ್ಬಳು ಆಯತಪ್ಪಿ ನನ್ನ ಕಾರಿನ ಬಾಗಿಲಿಗೆ ಒರಗಿದಳು. ಉದ್ದಕ್ಕೆ ಒಂದು ಗೀರು, ಬೆರಳಗಲದ ತಗ್ಗು. ಅಳುಮುಖ ಮಾಡಿಕೊಂಡು, “ಅಂಕಲ್, ಇನ್ಶೂರೆನ್ಸ್ ಇದೆಯಲ್ವಾ?” ಎಂದಳು. ಇದೆ ಮಗು, ಆದರೆ ಅದನ್ನು ಮುಟ್ಟುವುದು ಬೇಡ ಎಂದೆ. ಟಿಂಕರಿಂಗ್ ಮಾಡುವವರು 2,800 ರೂಪಾಯಿ ಹೇಳಿದರು. ಸಂಜೆ ಅವಳ ತಂದೆ ಬಂದು ಅರ್ಧ ಕೊಟ್ಟರು, ಅರ್ಧ ನಾನು ಹಾಕಿದೆ. ನನ್ನ ಎನ್‌ಸಿಬಿ ಈಗ ಶೇ 35ರಲ್ಲಿದೆ. ಬರುವ ಮಾರ್ಚಿಗೆ 45 ಆಗುತ್ತದೆ.